ಒಂದೇ ಥರದ ಎರಡು ಬಕಲ್

ಸೆಪ್ಟೆಂಬರ್ 4, ಗುರುವಾರ

ಸ್ವಾಮಣ್ಣ ಹಾರ್ಡ್‌ವೇರ್ ಅಂಗ್ಡಿಯವ್ರು ಕೊಟ್ಟ ಡೈರಿ ನನ್ ಕೈಗಿಟ್ಟು, "ಬೈಬೇಕು ಅನ್ಸಿದ್ದನ್ನೆಲ್ಲ ಇದ್ರಲ್ಲಿ ಬೈಕೋ, ಗಿರಾಕಿನ ಬೈಬೇಡ" ಅಂದ್ರು. ಸರಿ, ಶುರು ಮಾಡ್ತೀನಿ. ಹಾರ್ಡ್‌ವೇರ್ ಅಂಗ್ಡಿಯೋನೇ ಮೊದಲ್ನೇ ಕಳ್ಳ.

ಸ್ವಾಮಣ್ಣ ಅಂದ್ರೆ ನಂಜುಂಡಸ್ವಾಮಿ, ನಮ್ಮ ವರ್ಕ್‌ಶಾಪ್ ಓನರು. ದಸರಾ ಸ್ತಬ್ಧಚಿತ್ರಕ್ಕೆ ಆನೆ ಸೊಂಡ್ಲು ಎತ್ತೋ ಥರ, ನವಿಲು ಕತ್ತು ತಿರುಗ್ಸೋ ಥರ ಕಬ್ಬಿಣದಲ್ಲಿ ಮಾಡ್ಕೊಡ್ತಾರೆ. ಅದನ್ನ ಹೋದ್ವರ್ಷ ನೋಡಿದ್ದ ಒಬ್ರು ಮೇಡಂ ಇವತ್ತು ಬೆಂಗಳೂರಿಂದ ಹುಡುಕ್ಕೊಂಡು ಬಂದಿದ್ರು. ಮಾಲವಿಕಾ ಅಂತ, ಪಿಚ್ಚರ್‌ಗೆ ಬೇಕಾದ ಸಾಮಾನು ಮಾಡ್ಸೋರು. ಅವರ ಕಾರು ಮಂಡಿ ಮೊಹಲ್ಲಾ ಒಳಗೆ ಬರಕ್ಕಾಗ್ದೆ ಈರುಳ್ಳಿ ಲಾರಿ ಹಿಂದೆ ಸಿಕ್ಕಾಕ್ಕೊಂಡು, ಮೂಟೆ ದಾಟ್ಕೊಂಡು ನಡ್ಕೊಂಡೇ ಬಂದ್ರು.

ವಿಷ್ಯ ಏನಂದ್ರೆ, ನಾನು ಹುಟ್ಟೋದಕ್ಕೆ ಎಷ್ಟೋ ವರ್ಷ ಮುಂಚೆ ಒಂದು ಪತ್ತೇದಾರಿ ಪಿಚ್ಚರ್ ಬಂದಿತ್ತಂತೆ. ಹೀರೋ ಹೆಸರು ಏಜೆಂಟ್ ಗಿಡುಗ. ಎಲೆ ಅಡಿಕೆ ಡಬ್ಬಿಲಿ ವೈರ್‌ಲೆಸ್ಸು, ನಶ್ಯದ ಡಬ್ಬಿಲಿ ಕ್ಯಾಮರಾ, ಬೆಲ್ಟಿನ ಬಕಲ್‌ನಿಂದ ತಂತಿ ಬಂದು ಕಟ್ಟಡದಿಂದ ಇಳಿಯೋದು. ಆ ಪಿಚ್ಚರ್ನೇ ಈಗ ಹೊಸದಾಗಿ ತೆಗೀತಾವ್ರೆ. ಆ ಸಾಮಾನೆಲ್ಲ ನಾವು ಮಾಡ್ಬೇಕು.

"ಏನ್ ಓದಿದೀಯಾ?" ಅಂತ ಮೇಡಂ ಕೇಳಿದ್ರು.

"ಒಂಬತ್ತನೇ ಕ್ಲಾಸು. ಮೇಷ್ಟ್ರು ಹೊಡಿಯಕ್ಕೆ ಬಂದ್ರು, ಕೋಲು ಕಿತ್ಕೊಂಡು ಮುರಿದಾಕಿ ಬಂದ್ಬುಟ್ಟೆ."

"ನನ್ ಹತ್ರ ಇರೋದು ಸ್ಕೇಲು. ಮುರೀಬೇಡಪ್ಪ, ಒಂದೇ ಇದೆ" ಅಂತ ನಕ್ರು. ಸ್ವಾಮಣ್ಣನೂ ನಕ್ರು. ನನ್ ಮೈಯೆಲ್ಲ ಉರೀತು. ನಗೋ ಮೂತಿಗಳನ್ನ ಕಂಡ್ರೆ ನನಗಾಗಲ್ಲ.

ಸೆಪ್ಟೆಂಬರ್ 9, ಮಂಗಳವಾರ

ಮೇಡಂ ಲ್ಯಾಪ್‌ಟಾಪಲ್ಲಿ ಹಳೇ ಪಿಚ್ಚರ್ ತೋರ್ಸಿದ್ರು. ಸೋಪಿನ ಡಬ್ಬಿಗೆ ಬೆಳ್ಳಿ ಬಣ್ಣ ಬಳ್ದು ವೈರ್‌ಲೆಸ್ಸು ಅಂತ ಹಿಡ್ಕೊಂಡವ್ನೆ ಹೀರೋ. ಕಟ್ಟಡದಿಂದ ಇಳಿಯುವಾಗ ಬೆನ್ನಿಗೆ ಕಟ್ಟಿರೋ ದಪ್ಪ ಹಗ್ಗ ಎದ್ದು ಕಾಣುತ್ತೆ. ಬಿದ್ದುಬಿದ್ದು ನಕ್ಕೆ.

"ನಗು. ನಮ್ ತಾತ ಇದನ್ನ ನೋಡ್ಕೊಂಡು ಬಂದು ಒಂದು ವಾರ ಎಲೆ ಅಡಿಕೆ ಡಬ್ಬಿ ಜೊತೆ ಮಾತಾಡಿದ್ರಂತೆ. ಆಗಿನೋರು ನಂಬಿದ್ರು ಕಣೋ. ಈಗ ನಿನ್ನಂಥೋರು ಬಂದು ಕೂರ್ತಾರೆ. ನಿನ್ನನ್ನ ನಂಬಿಸ್ಬೇಕು" ಅಂದ್ರು.

ನಾನು ಮಾಡಿದ ಎಲೆ ಅಡಿಕೆ ಡಬ್ಬಿ ತಿರುಗಿಸಿ ತಿರುಗಿಸಿ ನೋಡಿದ್ರು. ಸುಣ್ಣದ ಮುಚ್ಚಳ ತಿರುವಿದ್ರೆ ಏರಿಯಲ್ ಏಳುತ್ತೆ, ಚೆನ್ನಾಗೇ ಮಾಡಿದ್ದೆ. "ತೀರಾ ಹೊಸದಾಗಿದೆ. ಗಿಡುಗ ಇದನ್ನ ಜೀವಮಾನವೆಲ್ಲ ಜೇಬಲ್ಲಿ ಇಟ್ಕೊಂಡೋನು. ಅವನ ಹೆಬ್ಬೆಟ್ಟು ಎಲ್ಲಿ ತಾಗುತ್ತೋ ಅಲ್ಲಿ ಹಿತ್ತಾಳೆ ಸವೆದಿರ್ಬೇಕು" ಅಂದ್ರು.

ಎದ್ದು ಹೋಗ್ಬುಡೋಣ ಅನ್ಸ್ತು. ಹೋಗ್ಲಿಲ್ಲ. ಮೂರು ಸಲ ಉಜ್ದೆ. ಮೂರನೇ ಸಲ ಕೈಲಿ ಹಿಡ್ಕೊಂಡಾಗ ನಮ್ಮಜ್ಜಿ ಡಬ್ಬಿ ಥರಾನೇ ಆಗಿತ್ತು. ಆವಮ್ಮ ಹೇಳಿದ್ದು ಸರಿನೇ. ಮುಖಕ್ಕೆ ಹೇಳಲ್ಲ ಅಷ್ಟೆ.

ಸೆಪ್ಟೆಂಬರ್ 15, ಸೋಮವಾರ

ಹೊಸ ಪಿಚ್ಚರಲ್ಲಿ ಗಿಡುಗನ ಮೊಮ್ಮಗಳೇ ಹೀರೋಯಿನ್ನು. ಬನ್ನಿಮಂಟಪದ ಕಡೆ ಮುಚ್ಚೋಗಿರೋ ಒಂದು ಗೋಡೌನಿನ ಮೇಲಿಂದ ಅವಳು ಬಕಲ್ ತಂತಿಲಿ ಇಳೀಬೇಕು. ಅವಳೆಲ್ಲಿ ಇಳೀತಾಳೆ. ಅವಳ ಬದ್ಲು ಇಳಿಯೋಳು ಇವತ್ತು ಅಳತೆ ಕೊಡಕ್ಕೆ ಬಂದಿದ್ಲು. ಲಹರಿ ಅಂತ. ಶ್ರೀರಾಂಪುರದೋಳು. ಯೋಗ ಕ್ಲಾಸ್ ಮಾಡ್ತಾಳೆ, ಮನೇಲಿ ಅದಷ್ಟೇ ಗೊತ್ತಿರೋದಂತೆ. ಸಣಕಲು ಹುಡುಗಿ, ಜೋರಾಗಿ ಉಫ್ ಅಂದ್ರೆ ಹಾರೋಗ್ತಾಳೆ.

"ಇದನ್ನ ಮಾಡೋದು ನೀನೇನಪ್ಪಾ?" ಅಂದ್ಲು.

"ಹ್ಞೂಂ. ಯಾಕೆ?"

"ಏನಿಲ್ಲ. ನನ್ ಪ್ರಾಣ ಯಾರ್ ಕೈಲಿದೆ ಅಂತ ಮುಖ ನೋಡ್ಕೊಂಡು ಹೋಗೋಣ ಅಂತ."

"ವೆಲ್ಡಿಂಗ್ ಮುಖದಲ್ಲಿ ಮಾಡಲ್ಲ."

"ಅದೂ ಸರಿ. ಮುಖದಲ್ಲಿ ಮಾಡಿದ್ದಿದ್ರೆ ನಾನು ಇಳೀತಾನೇ ಇರ್ಲಿಲ್ಲ" ಅಂದ್ಲು. ಸ್ವಾಮಣ್ಣಂಗೆ ಟೀ ನೆತ್ತಿಗೇರ್ತು. ಕೊಬ್ಬು ಅವಳಿಗೆ.

ಎರಡು ಬಕಲ್ ಬೇಕು. ಒಂದು ಓಡೋಕೆ, ಹೊಡೆದಾಡೋಕೆ. ಅದು ಅಲ್ಯೂಮಿನಿಯಂದು. ಇನ್ನೊಂದು ಮೈಭಾರ ತಡಿಯೋದು, ಸ್ಟೀಲ್ ಪ್ಲೇಟಿಂದು. ತಡಿಯೋದನ್ನ ಬೇರೆ ಯಾವ ಸೀನಿಗೂ ಮುಟ್ಟಂಗಿಲ್ಲ ಅಂತ ಫೈಟ್ ಮಾಸ್ಟರ್ ಕಟ್ಟುನಿಟ್ಟು ಮಾಡಿದ್ರು. ಸಾಮಾನ್ಯವಾಗಿ ಬೆನ್ನಿಗೆ ಇನ್ನೊಂದು ತಂತಿ ಕಟ್ಟಿ ಆಮೇಲೆ ಕಂಪ್ಯೂಟರಲ್ಲಿ ಅಳಿಸ್ತಾರಂತೆ. ಡೈರೆಕ್ಟರ್ ಬೇಡ ಅಂದವ್ರೆ. ಹಳೇದ್ರಲ್ಲಿ ಹಗ್ಗ ಕಂಡು ಜನ ನಕ್ಕಿದ್ದು ಸಾಕು, ಈ ಸಲ ಎಲ್ಲಾ ನಿಜವಾಗಿ ಬಕಲ್ ಮೇಲೇ ನಿಲ್ಬೇಕು ಅಂತ.

ಸೆಪ್ಟೆಂಬರ್ 23, ಮಂಗಳವಾರ

ಇವತ್ತು ಟ್ರಯಲ್. ತಡಿಯೋ ಬಕಲ್‌ಗೆ ಮೂರು ಮೂಟೆ ಮರಳು ನೇತಾಕಿದ್ರು. ಅಲ್ಲಾಡ್ಲಿಲ್ಲ. ಮಾಸ್ಟರ್ ಬೆನ್ನು ತಟ್ಟಿದ್ರು.

ಆದ್ರೆ ಮಾಲವಿಕಾ ಮೇಡಂಗೆ ಕಿರಿಕಿರಿ. ಅಲ್ಯೂಮಿನಿಯಂದು ಹಗುರ, ಸೊಂಟದ ಮೇಲೆ ಬೇರೆ ಥರ ಕೂರುತ್ತೆ, ಒಂದು ಶಾಟಿಂದ ಇನ್ನೊಂದು ಶಾಟಿಗೆ ಬೆಲ್ಟಿನ ಬಾಗೇ ಬದಲಾಗುತ್ತೆ ಅಂತ. ಅವರು ಯೋಚನೆ ಮಾಡ್ತಾ ಇರುವಾಗ್ಲೇ ನಾನು ಅಂದೆ, "ಒಳಗೆ ಸೀಸ ಕರಗ್ಸಿ ಉಯ್ದುಬುಡ್ತೀನಿ." ಉಯ್ದೆ. ಎರಡೂ ಒಂದೇ ತೂಕ, ಒಂದೇ ಹೊಳಪು. ಎರಡರ ಒಳಗೂ ಸ್ಟೀಲ್ ಪಿನ್ ಇರೋದ್ರಿಂದ ಮ್ಯಾಗ್ನೆಟ್ಟೂ ಎರಡಕ್ಕೂ ಕಚ್ಚುತ್ತೆ. ಮೇಡಂ ಕಣ್ಮುಚ್ಚಿ ಒಂದೊಂದು ಕೈಲಿ ಒಂದೊಂದು ಹಿಡ್ದು, "ಯಾವ್ದು ಯಾವ್ದೋ ದಿಲೀಪ, ನನಗೇ ಗೊತ್ತಾಗ್ತಿಲ್ಲ" ಅಂದ್ರು.

"ತಡಿಯೋದ್ರ ಹಿಂದೆ ಕೆಂಪು ಚುಕ್ಕೆ ಇಟ್ಟಿದೀನಿ. ಪಕ್ಕದ್ಮನೆ ಸಿಂಚನನ ನೈಲ್ ಪಾಲಿಶ್ದು."

"ಟೈಟಲ್‌ನಲ್ಲಿ ನಿನ್ ಹೆಸರು ಹಾಕಿಸ್ತೀನಿ. ಮುಂದಿನ ಪಿಚ್ಚರ್‌ಗೂ ನೀನೇ ಬರ್ಬೇಕು" ಅಂದ್ರು.

ಟೈಟಲ್‌ನಲ್ಲಿ! ಆ ಮೇಷ್ಟ್ರು ಟಾಕೀಸಲ್ಲಿ ಕೂತು ನೋಡ್ಬೇಕು. ಮುಂದಿನ ಸಾಲಲ್ಲೇ ಕೂರ್ಬೇಕು, ಕತ್ತು ನೋಯ್ಬೇಕು.

ಅಕ್ಟೋಬರ್ 1, ಬುಧವಾರ

ಆಯುಧಪೂಜೆ. ನಮ್ ಹುಡುಗ್ರೆಲ್ಲ ಲೈಟಿಂಗ್ ನೋಡಕ್ಕೆ ಹೋದ್ರು, ನಾನು ಮಾತ್ರ ಸ್ಪ್ಯಾನರ್ ತೊಳೀತಾ ಕೂತಿದ್ದೆ. ಸ್ವಾಮಣ್ಣಂಗೆ ಒಂದು ಬೋಲ್ಟ್ ಮೇಲೂ ಜಿಡ್ಡಿರ್ಬಾರ್ದು. "ಪಿಚ್ಚರ್ ಸಾಮಾನೂ ತೊಳ್ಯೋ, ಅದೂ ಅನ್ನ ಕೊಟ್ಟಿದೆ" ಅಂದ್ರು. ತಲೆ ಕೆಡ್ತು. ಎಲ್ಲಾ ಒಟ್ಟಿಗೆ ಜಿಡ್ಡು, ಬಣ್ಣ ಕರಗ್ಸೋ ಥಿನ್ನರ್ ಟ್ರೇಗೆ ಸುರ್ದು, ಉಜ್ಜಿ, ಒರೆಸಿ ಜೋಡಿಸ್ದೆ. ಸ್ವಾಮಣ್ಣನ ಮನೆಯವ್ರು ಬಂದು ಡ್ರಿಲ್ಲಿಂಗ್ ಮೆಷಿನ್‌ಗೆ, ಸ್ಕೂಟರ್‌ಗೆ, ಬಕಲ್‌ಗೆ, ಕೊನೆಗೆ ಫೋನ್ ಚಾರ್ಜರ್‌ಗೂ ಹಿಂದೆ ಮುಂದೆ ವಿಭೂತಿ ಕುಂಕುಮ ಇಟ್ರು. ಬೂದುಗುಂಬಳ ಹೊಡ್ದಿದ್ದು ನಾನೇ. ಅದೊಂದು ಚೆನ್ನಾಗಿತ್ತು.

ಅಕ್ಟೋಬರ್ 3, ಶುಕ್ರವಾರ

ಯೂನಿಟ್ಟಿಂದ ಅಭಿನವ ಅನ್ನೋನು ಸಾಮಾನು ತಗೊಂಡೋಗಕ್ಕೆ ಬಂದಿದ್ದ. ಕತ್ತಿಗೆ ಐಡಿ ಕಾರ್ಡು, ಅದೇನೋ ದೊಡ್ಡ ಪದವಿ.

"ತಡಿಯೋ ಬಕಲ್ ಯಾವ್ದು?"

"ಹಿಂದ್ಗಡೆ ಕೆಂಪು ಚುಕ್ಕೆ ಇರೋದು."

"ಎರಡರಲ್ಲೂ ಕೆಂಪಿದೆಯಲ್ಲೋ."

"ಪೂಜೆ ಕುಂಕುಮ ಗುರು ಅದು. ಒರೆಸ್ಕೊಂಡು ನೋಡಕ್ಕೂ ಬರಲ್ವಾ? ಡಿಗ್ರಿ ಬೇರೆ ಮಾಡಿದೀಯಾ" ಅಂದೆ. ಮುಖ ಊದಿಸ್ಕೊಂಡು ಹೋದ. ಸರಿಯಾಗ್ ಕೊಟ್ಟೆ.

ಸಾಯಂಕಾಲ ಮತ್ತೆ ಬರೀತಿದೀನಿ. ಥಿನ್ನರ್ ಟ್ರೇ ತೊಳಿಯೋಣ ಅಂತ ಬಗ್ಗಿಸ್ದೆ. ತಳದಲ್ಲಿ ಗುಲಾಬಿ ಬಣ್ಣ ತಿಳಿಯಾಗಿ ನಿಂತಿತ್ತು. ಬೆರಳು ಅದ್ದಿದೆ. ಮೂಸ್ದೆ.

ನೈಲ್ ಪಾಲಿಶು.

ಅಕ್ಟೋಬರ್ 4, ಶನಿವಾರ

ಚುಕ್ಕೆ ಇಲ್ಲ. ತೊಳ್ದಿದ್ದು ನಾನೇ. ಸೀಸ ಉಯ್ದಿದ್ದೂ ನಾನೇ.

ಶೂಟಿಂಗ್ ಮಂಗಳವಾರ. ಅಭಿನವನಿಗೆ ಫೋನ್ ಮಾಡ್ದೆ, ಎತ್ಲಿಲ್ಲ. ಇನ್ನೊಂದ್ ಸಲ ಮಾಡ್ದೆ, ಕಟ್ ಮಾಡ್ದ. ನಾನಾಗಿದ್ರೂ ಕಟ್ ಮಾಡ್ತಿದ್ದೆ. ಬನ್ನಿಮಂಟಪಕ್ಕೆ ಹೋದೆ. ಗೇಟಲ್ಲಿ ಬೌನ್ಸರು ಒಳಗೆ ಬಿಡ್ಲಿಲ್ಲ. ಎದೆಗೆ ಕೈ ಹಾಕ್ದೆ. ಅವನು ನನ್ ಕಾಲರ್ ಹಿಡ್ದು ಒಂದೇ ಕೈಲಿ ರಸ್ತೆಗೆ ನೂಕ್ದ. ಬೇರೆ ದಿನ ಆಗಿದ್ರೆ ಕಲ್ಲು ಹುಡುಕ್ತಿದ್ದೆ. ಇವತ್ತು ಗೋಡೌನ್ ತುದಿ ನೋಡ್ತಾ ನಿಂತ್ಬುಟ್ಟೆ. ತುಂಬಾ ಎತ್ತರ ಐತೆ. ಕೆಳಗೆ ಬರೀ ಕಾಂಕ್ರೀಟು.

ಮೇಡಂ ನಂಬರ್ ಇದೆ. ಒತ್ತಲಿಲ್ಲ. ಒತ್ತಿದ್ರೆ ಹೆಸರು ಹೋಗುತ್ತೆ, ಕೆಲಸ ಹೋಗುತ್ತೆ. ಮಾಸ್ಟರ್ ಇನ್ನೊಂದ್ಸಲ ಮೂಟೆ ಕಟ್ಟಿ ನೋಡೇ ನೋಡ್ತಾರೆ. ನೋಡ್ತಾರೆ ತಾನೇ? ಒಂದ್ಸಲ ನೋಡಾಗಿದೆ, ಮತ್ಯಾಕೆ ನೋಡ್ತಾರೆ.

ಅಕ್ಟೋಬರ್ 5, ಭಾನುವಾರ

ಊಟ ಸೇರ್ಲಿಲ್ಲ. ಅಮ್ಮ, "ಯಾರ್ ಜೊತೆ ಹೊಡ್ದಾಡ್ಕೊಂಡ್ ಬಂದೆಲಾ?" ಅಂದ್ರು.

"ಯಾರ್ ಜೊತೆನೂ ಇಲ್ಲ."

"ಅಂಗಾದ್ರೆ ಏನೋ ದೊಡ್ಡದೇ ಆಗೈತೆ" ಅಂತ ಎದುರಿಗೇ ಕೂತ್ರು. ಹೇಳ್ಬುಟ್ಟೆ. ಪೂರ್ತಿ ಕೇಳಿ ಅಮ್ಮ ತಟ್ಟೆ ಎತ್ಕೊಂಡ್ರು.

"ನಾಳೆ ಹೋಗಿ ಹೇಳ್ಬುಡು."

"ಬೈತಾರಮ್ಮ."

"ಬೈಲಿ. ಬೈಗುಳ ನಿಂಗೇನು ಹೊಸ್ದಾ? ನೀ ಬೈಯದಲ್ಲಿ ಕಾಲು ಭಾಗ ಬೈತಾರಾ ಅವರು?"

ಮಧ್ಯಾಹ್ನ ಮಲಗ್ದೆ. ಕಣ್ಮುಚ್ಚಿದ್ರೆ ಆ ಹುಡುಗಿ ಬೂಟು ಕಾಣುತ್ತೆ. ಅಳತೆ ಕೊಡಕ್ಕೆ ಬಂದಾಗ ಹಾಕ್ಕೊಂಡಿದ್ದ ಬಿಳೀ ಬೂಟು. ಬರೀ ಬೂಟು, ಮಿಕ್ಕಿದ್ದೇನೂ ಕಾಣಲ್ಲ. ಎದ್ದು ಕೂತೆ.

ಅಕ್ಟೋಬರ್ 6, ಸೋಮವಾರ

ಸ್ವಾಮಣ್ಣಂಗೆ ಹೇಳ್ದೆ. ಬೈಲಿಲ್ಲ. ಗ್ರೈಂಡರ್ ಆಫ್ ಮಾಡಿ ಸ್ಟೂಲ್ ಮೇಲೆ ಕೂತು, "ಎರಡ್ರಲ್ಲಿ ಒಂದು" ಅಂದ್ರು. ಬೈದಿದ್ರೆ ಚೆನ್ನಾಗಿತ್ತು.

ಮೇಡಂಗೆ ಅವರೇ ಫೋನ್ ಮಾಡಿ ನನ್ ಕೈಗೆ ಕೊಟ್ರು. ಪೂರ್ತಿ ಹೇಳ್ದೆ.

"ಕೈಲಿ ಹಿಡಿದ್ರೆ ನಿನಗೆ ಗೊತ್ತಾಗುತ್ತಾ?"

"ಗೊತ್ತಾಗುತ್ತೆ ಮೇಡಂ. ನಾನೇ ಮಾಡಿದ್ದಲ್ವಾ."

"ಬೆಳಿಗ್ಗೆ ಬಾ. ಗೇಟಲ್ಲಿ ನಾನೇ ಇರ್ತೀನಿ."

ಗೊತ್ತಾಗುತ್ತೆ ಅಂದ್ಬುಟ್ಟಿದೀನಿ.

ಅಕ್ಟೋಬರ್ 7, ಮಂಗಳವಾರ

ಗೋಡೌನ್ ಮೇಲೆ ಕೂತು ಬರೀತಿದೀನಿ. ಡೈರಿ ಟೂಲ್ ಬ್ಯಾಗಲ್ಲೇ ಇತ್ತು. ಕ್ಯಾಮರಾ ಜಾಗ ಬದಲಾಯಿಸ್ತಾವ್ರೆ, ಸ್ವಲ್ಪ ಹೊತ್ತಾಗುತ್ತಂತೆ. ಸುಮ್ನೆ ಕೂರಕ್ಕಾಗ್ತಿಲ್ಲ, ಅದಕ್ಕೇ ಪೆನ್ನು ತೆಗ್ದೆ.

ಬೆಳಿಗ್ಗೆ ಸ್ವಾಮಣ್ಣನ ಸ್ಕೂಟರಲ್ಲಿ ಬಂದ್ವಿ. ಲಹರಿ ಆಗ್ಲೇ ಬೆಲ್ಟ್ ಹಾಕ್ಕೊಂಡು ಮೇಲೆ ನಿಂತಿದ್ರು. ಮೇಡಂ ಕೂಗಿ ಇಳಿಸಿದ್ರು. ಅಭಿನವ, "ಒರೆಸಿ ನೋಡೇ ಕಟ್ಟಿದೀನಿ ಮೇಡಂ, ಒಂದ್ರಲ್ಲಿ ಕೆಂಪು ಹೋಗ್ಲೇ ಇಲ್ಲ, ಅದನ್ನೇ ಹಾಕಿದೀನಿ. ಇವನೇ ಹೇಳಿದ್ದಲ್ವಾ" ಅಂದ. ಅವನದ್ದೇನೂ ತಪ್ಪಿಲ್ಲ. ಕುಂಕುಮ ಸಂದಿಲಿ ಕೂತ್ರೆ ಒರೆಸಿದ್ರೂ ಹೋಗಲ್ಲ.

ಎರಡನ್ನೂ ನನ್ ಕೈಗೆ ಕೊಟ್ರು. ಎಲ್ಲಾ ಸುತ್ತ ನಿಂತ್ಕೊಂಡ್ರು. ತೂಕ ನೋಡ್ದೆ. ತಟ್ಟಿ ಕಿವಿ ಹತ್ರ ಇಟ್ಕೊಂಡೆ. ಎರಡಕ್ಕೂ ಬೆಲ್ಟಿನ ಚರ್ಮ ಸೇರಿಸಿ ಹೊಲಿದುಬಿಟ್ಟಿದ್ರು, ಎರಡೂ ಒಂದೇ ಥರ ಠಕ್ ಅಂದ್ವು. ಅಂಚು ಸವರಿದೆ. ಮತ್ತೆ ತೂಕ ನೋಡ್ದೆ. ಬೆವರಿಗೆ ಎರಡೂ ಜಾರ್ತಿದ್ವು.

"ಯಾವ್ದು?" ಅಂದ್ರು ಮಾಸ್ಟರ್.

ಒಂದನ್ನ ತೋರ್ಸಿ 'ಇದೇ' ಅಂದಿದ್ರೆ ಎಲ್ರೂ ನಂಬ್ತಿದ್ರು. ಬಾಯಿಗೂ ಬಂದಿತ್ತು.

"ಗೊತ್ತಾಗ್ತಿಲ್ಲ" ಅಂದೆ.

ಡೈರೆಕ್ಟರ್ ಟೋಪಿ ತೆಗ್ದು ನೆಲಕ್ಕೆ ಬಡಿದ್ರು. ಮಾಸ್ಟರ್ ಮಾತ್ರ, "ಮೂಟೆ ತನ್ರೋ" ಅಂದ್ರು.

ಲಹರಿ ಸೊಂಟದಲ್ಲಿದ್ದಿದ್ದನ್ನೇ ಮೊದಲು ತೊಲೆಗೆ ನೇತಾಕಿದ್ರು. ಒಂದು ಮೂಟೆ. ತಡೀತು. ಅಭಿನವ, "ನೋಡಿ, ಸುಮ್ ಸುಮ್ನೆ ಗಾಬರಿ" ಅಂದ. ಎರಡನೇದು ಕಟ್ಟಿದ್ರು. ತಡೀತು. ನಾನು ಉಸಿರು ಬಿಟ್ಟೆ. ಆಗ ಬಿಸ್ಕತ್ತು ಮುರಿದಂಗೆ ಸಣ್ಣ ಶಬ್ದ ಬಂತು. ಎರಡೂ ಮೂಟೆ ಕೆಳಗೆ ಬಿದ್ದು ಒಡೆದೋದ್ವು. ಮರಳು ನಮ್ ಕಾಲ್ ಮೇಲೆಲ್ಲ ಹಾರ್ತು. ಮುರಿದ ಬಾಯಲ್ಲಿ ಸೀಸ ಬೂದು ಬಣ್ಣಕ್ಕೆ ಕಾಣ್ತಿತ್ತು.

ಲಹರಿ ಬಗ್ಗಿ ಆ ಅರ್ಧ ತುಂಡು ಎತ್ಕೊಂಡ್ರು.

"ನಾನು ಒಂದು ಮೂಟೆನೂ ತೂಗಲ್ಲ ಮಾಸ್ಟರ್. ತಡೀತಿತ್ತೇನೋ ಅಲ್ವಾ?"

"ಸುಮ್ನೆ ನೇತಾಡೋ ಮೂಟೆನೇ ಬೇರೆ, ಎಗರಿ ಬಂದು ಜಗ್ಗೋ ಮನುಷ್ಯನೇ ಬೇರೆ ಕಣಮ್ಮ" ಅಂದ್ರು ಮಾಸ್ಟರ್. ಅವರ ದನೀನೂ ಸರಿ ಇರ್ಲಿಲ್ಲ.

ಲಹರಿ ನನ್ ಕಡೆ ನಡ್ಕೊಂಡು ಬಂದ್ರು. ಹೊಡೀತಾರೆ ಅಂತ ನಿಂತ್ಕೊಂಡೆ. ಹೊಡೀಲಿ ಅಂತಾನೇ ನಿಂತ್ಕೊಂಡೆ. ಹೊಡೀಲಿಲ್ಲ. ಅವರ ತುಟಿ ಬೆಳ್ಳಗಾಗಿತ್ತು. "ಮಧ್ಯಾಹ್ನ ಮೂರು ಗಂಟೆಗೆ ನನಗೆ ಕ್ಲಾಸಿದೆ ಗೊತ್ತಾ, ಮಕ್ಕಳದ್ದು" ಅಂದ್ರು. ಅಷ್ಟೇ. ಯಾಕೆ ಹೇಳಿದ್ರೋ ಗೊತ್ತಿಲ್ಲ.

ಇನ್ನೊಂದು ಬಕಲ್‌ಗೆ ಮೂರು ಮೂಟೆ ಕಟ್ಟಿದ್ರು. ಮಾಸ್ಟರ್ ಮೂಟೆಗಳನ್ನ ಎತ್ತೆತ್ತಿ ಬಿಟ್ಟು ಜಗ್ಗಿಸಿದ್ರು. ಮಿಸುಕಾಡ್ಲಿಲ್ಲ. ಬೆನ್ನಿಗೂ ಒಂದು ತಂತಿ ಹಾಕಿ ಅಂತ ಲಹರಿ ಕೇಳಿದ್ರು. ಅದಕ್ಕೆ ಕ್ರೇನ್ ಬೇಕು, ಇವತ್ತು ಸಿಗಲ್ಲ, ನಾಳೆಗೆ ಇಲ್ಲಿ ಪರ್ಮಿಶನ್ ಇಲ್ಲ ಅಂದ್ರು. ಇಳಿಯಲ್ಲ ಅಂದ್ರೆ ಬಲವಂತ ಇಲ್ಲಮ್ಮ ಅಂತ ಮಾಸ್ಟರ್ ಹೇಳಿದ್ರು. ಲಹರಿ ನೇತಾಡ್ತಿದ್ದ ಮೂಟೆ ಹತ್ರ ಹೋಗಿ, ತಾವೂ ಅದರ ಮೇಲೆ ಹತ್ತಿ ಕುಣಿದ್ರು. ಇಳಿದು ಬಂದು, "ಮಾಡ್ತೀನಿ. ಆದ್ರೆ ಕಟ್ಟೋದು ಇವನು" ಅಂದ್ರು.

"ಇವನಾ?" ಅಂದ್ರು ಡೈರೆಕ್ಟರ್.

"ಇಲ್ಲಿರೋರಲ್ಲಿ ಇವನಷ್ಟು ಹೆದರಿರೋರು ಇನ್ಯಾರೂ ಇಲ್ಲ ಸರ್. ಇವನೇ ಕಟ್ಲಿ."

ಮೇಲೆ ಹತ್ತಿದ್ವಿ. ನಾನು ಕೆಳಗೆ ನೋಡ್ಲಿಲ್ಲ. ಬೆಲ್ಟ್ ಕಟ್ದೆ, ಕೊಕ್ಕೆ ಹಾಕ್ದೆ, ಜಗ್ದೆ. ಸರಿ ಇತ್ತು. ಬಿಚ್ಚಿ ಮತ್ತೆ ಕಟ್ದೆ. ಕೆಳಗಿಂದ ಡೈರೆಕ್ಟರ್ ಮೈಕಲ್ಲಿ, "ರೀ, ಬಿಸಿಲು ಹೋಗ್ತಾ ಇದೆ, ಆ ಹುಡುಗ ಏನ್ ಜಡೆ ಹೆಣೀತಾ ಇದಾನಾ?" ಅಂದ್ರು. ಎಲ್ರೂ ನಕ್ರು. ನಗ್ಲಿ. ಇನ್ನೊಂದ್ಸಲ ಕೊಕ್ಕೆ ನೋಡ್ದೆ.

"ಇಳೀಲಾ?" ಅಂದ್ರು ಲಹರಿ.

"ತಾಳಿ ಅಕ್ಕ."

ಮೂರನೇ ಸಲ ಬಿಚ್ಚಿ ಕಟ್ದೆ. ಅವರು ಕೈ ಮೇಲೆತ್ಕೊಂಡು ನಿಂತಿದ್ರು. ಅವರ ಹೊಟ್ಟೆ ಉಸಿರಿಗೆ ಮೇಲೆ ಕೆಳಗೆ ಆಗ್ತಿತ್ತು. ಅವರಿಗೂ ಭಯ ಇತ್ತು. ಆವತ್ತು ವರ್ಕ್‌ಶಾಪಿಗೆ ಬಂದಾಗ್ಲೂ ಇತ್ತೇನೋ.

"ಈಗ ಸರಿ ಅಕ್ಕ" ಅಂದೆ. ನನ್ ದನಿ ನನಗೇ ಕೇಳ್ಲಿಲ್ಲ. ಅವರಿಗೆ ಕೇಳ್ತು.

ಹೋದ್ರು.

ನಾನು ಕಣ್ಮುಚ್ಕೊಂಡಿದ್ದೆ. ತಂತಿ ಸರ್ರಂತ ಓಡೋ ಶಬ್ದ. ಆಮೇಲೆ ಗಕ್ ಅಂತ ನಿಂತಿದ್ದು. ಆಮೇಲೆ ಏನೂ ಇಲ್ಲ. ಎಷ್ಟು ಹೊತ್ತೋ ಗೊತ್ತಿಲ್ಲ. ಆಮೇಲೆ ಕೆಳಗೆ ಚಪ್ಪಾಳೆ, ಸ್ವಾಮಣ್ಣನ ಶಿಳ್ಳೆ. ಅವರಿಗೆ ಶಿಳ್ಳೆ ಹೊಡಿಯಕ್ಕೆ ಬರುತ್ತೆ ಅಂತ ಇವತ್ತೇ ಗೊತ್ತಾಗಿದ್ದು. ನಾನು ಇಲ್ಲೇ ಕೂತ್ಬುಟ್ಟೆ. ಅಭಿನವ ನೀರಿನ ಬಾಟ್ಲಿ ತಂದು ಕೊಟ್ಟ. ಥ್ಯಾಂಕ್ಸ್ ಅಣ್ಣ ಅಂದೆ.

ಟೈಟಲ್ ವಿಷ್ಯ ಮೇಡಂನ ಕೇಳೋದು ಮರ್ತೇ ಹೋಯ್ತು.

ಮೈಕಲ್ಲಿ ಡೈರೆಕ್ಟರ್ ಹೇಳಿದ್ರು, ಚೆನ್ನಾಗಿ ಬಂತು, ಈ ಕಡೆ ಆಂಗಲ್‌ನಿಂದ ಇನ್ನೊಂದು ಟೇಕ್ ಅಂತ.

ಮೆಟ್ಲಲ್ಲಿ ಅಕ್ಕ ಹತ್ತಿ ಬರ್ತಿರೋ ಸದ್ದು ಕೇಳ್ತಿದೆ. ಪೆನ್ನು ಇಡ್ತೀನಿ. ಕೈ ಒರೆಸ್ಕೋಬೇಕು.